ಹೆಸರಿಟ್ಟವರ ಹೊಣೆ

ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ತಾಲ್ಲೂಕುಗಳು ಒಂದನ್ನೊಂದು ಆತುಕೊಂಡಿವೆ. ತುಂಗೆ ಭದ್ರೆಯರ ನೀರುಂಡು ಬೆಳೆದ ಈ ಸೀಮೆಯಲ್ಲಿ ಹಳ್ಳಿಯೆಂದರೆ ಒತ್ತೊತ್ತಾಗಿ ಕಟ್ಟಿದ ಬೀದಿಯಲ್ಲ. ಅಡಕೆಯ ತೋಟದ ಬದಿಗೆ ಒಂದು ಮನೆ, ಗದ್ದೆಯ ಬಯಲಿನಾಚೆ ಮತ್ತೊಂದು, ಗುಡ್ಡ ಹತ್ತಿ ಇಳಿದರೆ ಇನ್ನೊಂದು. ಇಂತಹ ಕಡೆಯಲ್ಲಿ ಬರಿಯ ಹೆಸರನ್ನು ನಂಬಿ ಒಬ್ಬರನ್ನು ಹುಡುಕಲು ಹೊರಟವನು ದಾರಿ ತಪ್ಪುವುದು ಖಂಡಿತ. “ಮಂಜಪ್ಪನವರ ಮನೆ ಎಲ್ಲಿ?” ಎಂದು ಕೇಳಿದರೆ, “ಯಾವ ಮಂಜಪ್ಪನವರು?” ಎಂಬ ಮರುಪ್ರಶ್ನೆಯೇ ಉತ್ತರವಾಗಿ ಬರುತ್ತದೆ. ಮೇಲಿನಮನೆಯ ಮಂಜಪ್ಪನವರೋ, ಹೊಳೆಬದಿಯ ಮಂಜಪ್ಪನವರೋ, ನಾಟಿವೈದ್ಯದ ಮಂಜಪ್ಪನವರೋ ಎಂದು ಬಿಡಿಸಿ ಹೇಳಬೇಕು. ಒಂದೇ ಹೆಸರು ಹಲವರಿಗೆ ಇರುವಾಗ, ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸುವ ಸಲುವಾಗಿ ಹುಟ್ಟಿಕೊಂಡ ಇಂತಹ ಎರಡನೆಯ ಹೆಸರನ್ನೇ ನಾವು ಅಡ್ಡಹೆಸರು ಎನ್ನುತ್ತೇವೆ.

ಹುಟ್ಟಿದಾಗ ಇಟ್ಟ ಹೆಸರಿಗೂ ಈ ಎರಡನೆಯ ಹೆಸರಿಗೂ ಒಂದು ಮುಖ್ಯವಾದ ವ್ಯತ್ಯಾಸವುಂಟು. ತೊಟ್ಟಿಲಲ್ಲಿ ಇಟ್ಟ ಹೆಸರು ಒಂದು ಹಾರೈಕೆ. ಮಗು ಮುಂದೆ ಏನಾಗುವುದೋ ತಾಯಿತಂದೆಯರಿಗೆ ತಿಳಿಯದು. ಹೀಗಾಗಲಿ ಎಂದು ಅವರು ಹರಸುತ್ತಾರೆ. ಆ ಹಾರೈಕೆ ಫಲಿಸದೆ ಹೋದಾಗ, “ಹೆಸರು ಕ್ಷೀರಸಾಗರ ಭಟ್ಟ, ಮಜ್ಜಿಗೆಗೂ ಗತಿಯಿಲ್ಲ” ಎಂದು ಗಾದೆ ನಗುತ್ತದೆ. ಅಡ್ಡಹೆಸರಾದರೋ ಹಾರೈಕೆಯಲ್ಲ, ಅದೊಂದು ತೀರ್ಪು. ಲೋಕವು ಮನುಷ್ಯನನ್ನು ನೋಡಿದ ಮೇಲೆ, ಅವನ ನಡೆ, ನುಡಿ, ಕಸುಬು, ರೂಪುಗಳನ್ನು ಅಳೆದ ಮೇಲೆ, ಒಂದೆರಡು ಮಾತಿನಲ್ಲಿ ಕೊಟ್ಟ ತೀರ್ಪು. ಆ ತೀರ್ಪು ಗೌರವದ್ದಾದರೆ ಅದನ್ನು ಬಿರುದು ಎನ್ನುತ್ತೇವೆ. ಸಲಿಗೆಯದಾದರೆ ಮುದ್ದಿನ ಹೆಸರು ಎನ್ನುತ್ತೇವೆ. ತಿರಸ್ಕಾರದ್ದಾದರೆ ಅದಕ್ಕೆ ಒಳ್ಳೆಯ ಹೆಸರೇ ಇಲ್ಲ. ತೀರ್ಪು ಕೊಡುವವನಿಗೆ ಹೊಣೆಯಿರಬೇಕಲ್ಲವೆ? ನ್ಯಾಯಾಧೀಶನು ತನ್ನ ತೀರ್ಪಿಗೆ ಕಾರಣವನ್ನು ಬರೆಯಬೇಕು. ಹೆಸರಿಡುವವನು ಮಾತ್ರ ಯಾವ ಕಾರಣವನ್ನೂ ಹೇಳದೆ ಪಾರಾಗಬಹುದೆ? ಆಗದು ಎಂಬುದು ನನ್ನ ಅಭಿಪ್ರಾಯ.

ಈ ವಿಷಯದಲ್ಲಿ ನಮಗೊಂದು ಒರೆಗಲ್ಲನ್ನು ಮಹಾಭಾರತವೇ ಒದಗಿಸಿದೆ. ವಿರಾಟಪರ್ವದಲ್ಲಿ ಕೌರವರ ಸೇನೆಯನ್ನು ಕಂಡು ರಥದಿಂದಿಳಿದು ಓಡಿದ ಉತ್ತರಕುಮಾರನನ್ನು ಬೃಹನ್ನಳೆ ಹಿಡಿದು ತರುತ್ತಾಳೆ. ಬನ್ನಿಯ ಮರದ ಬಳಿ ತಾನೇ ಅರ್ಜುನನೆಂದು ತಿಳಿಸುತ್ತಾಳೆ. ಉತ್ತರನು ಒಡನೆಯೇ ನಂಬುವುದಿಲ್ಲ. ಅರ್ಜುನನಿಗೆ ಹತ್ತು ಹೆಸರುಗಳಿವೆಯೆಂದು ಕೇಳಿದ್ದೇನೆ, ಅವನ್ನು ಹೇಳಿದರೆ ನಂಬುತ್ತೇನೆ ಎನ್ನುತ್ತಾನೆ. ಹೆಸರುಗಳನ್ನು ಹೇಳಿದ ಮೇಲೂ ಅವನಿಗೆ ತೃಪ್ತಿಯಿಲ್ಲ. ಆ ಹೆಸರುಗಳು ಏಕೆ ಬಂದುವೆಂಬುದನ್ನು ವಿವರಿಸಬೇಕೆಂದು ಕೇಳುತ್ತಾನೆ. ಎರಡು ಕೈಗಳಿಂದಲೂ ಗಾಂಡೀವವನ್ನು ಎಳೆಯಬಲ್ಲವನಾದುದರಿಂದ ಸವ್ಯಸಾಚಿ, ದೇಶಗಳನ್ನು ಗೆದ್ದು ಧನವನ್ನು ತಂದುದರಿಂದ ಧನಂಜಯ, ಯುದ್ಧದಲ್ಲಿ ಹೇಯವಾದ ಕೆಲಸವನ್ನು ಮಾಡದವನಾದುದರಿಂದ ಬೀಭತ್ಸು. ಹೀಗೆ ಪ್ರತಿಯೊಂದು ಹೆಸರೂ ಒಂದು ಕಾರಣವನ್ನು ಬೆನ್ನಿಗಿಟ್ಟುಕೊಂಡು ಬರುತ್ತದೆ. ಹೇಡಿಯೆಂದು ನಾವು ನಗುವ ಉತ್ತರಕುಮಾರನು ಆ ಗಳಿಗೆಯಲ್ಲಿ ಎಷ್ಟು ಜಾಣತನದ ಪ್ರಶ್ನೆಯನ್ನು ಕೇಳಿದ! “ಈ ಹೆಸರು ಏಕೆ?” ಎಂಬ ಪ್ರಶ್ನೆಗೆ ನಾಚದೆ ಉತ್ತರ ಹೇಳಬಲ್ಲ ಹೆಸರೇ ನಿಜವಾದ ಹೆಸರು. ಆ ಹತ್ತರಲ್ಲಿ ಕೃಷ್ಣ ಎಂಬುದೂ ಒಂದು. ಅದು ಮೈಬಣ್ಣದಿಂದ ಬಂದ ಹೆಸರು. ಆದರೆ ಅದನ್ನು ಇಟ್ಟವನು ತಂದೆ. ಕಪ್ಪಗಿದ್ದ ಮಗನ ಮೇಲಣ ಅಕ್ಕರೆಯಿಂದ ಇಟ್ಟದ್ದು. ಮೈಯನ್ನು ಕುರಿತ ಹೆಸರು ಅಕ್ಕರೆಯ ಬಾಯಿಂದ ಬಂದಾಗ ಮಾತ್ರ ನೋಯಿಸದೆ ಉಳಿಯುತ್ತದೆ.

ಈ ಒರೆಗಲ್ಲನ್ನು ಕೈಯಲ್ಲಿ ಹಿಡಿದು ನಮ್ಮ ಮೂರು ತಾಲ್ಲೂಕುಗಳನ್ನು ಒಮ್ಮೆ ಸುತ್ತಿ ಬರೋಣ.

ಮೊದಲು ಶೃಂಗೇರಿ. ಆದಿಶಂಕರರು ಸ್ಥಾಪಿಸಿದ ಪೀಠದಿಂದ ಈ ಊರು ಲೋಕಪ್ರಸಿದ್ಧವಾಗಿದೆ. ಆದರೆ ಊರಿನ ಹೆಸರು ಅದಕ್ಕಿಂತಲೂ ಹಳೆಯದಾದ ಒಂದು ಪುರಾಣಕಥೆಯೊಡನೆ ಸೇರಿಕೊಂಡಿದೆ. ವಿಭಾಂಡಕ ಮುನಿಯ ಮಗನಿಗೆ ತಲೆಯಲ್ಲಿ ಜಿಂಕೆಯ ಕೊಂಬಿನಂತಹ ಒಂದು ಕೊಂಬಿದ್ದಿತು. ಅದರಿಂದ ಅವನು ಋಷ್ಯಶೃಂಗನಾದ. ಅವನ ಹೆಸರಿನಿಂದ ಬೆಟ್ಟವು ಋಷ್ಯಶೃಂಗಗಿರಿಯಾಗಿ, ಶೃಂಗಗಿರಿಯಾಗಿ, ಜನರ ಬಾಯಲ್ಲಿ ಸವೆದು ಶೃಂಗೇರಿಯಾಯಿತೆಂದು ಹೇಳುತ್ತಾರೆ. ಯೋಚಿಸಿ ನೋಡಿ: ಬೇರೊಬ್ಬ ಹುಡುಗನಿಗೆ ತಲೆಯ ಮೇಲೆ ಕೊಂಬಿದ್ದಿದ್ದರೆ ಓರಗೆಯ ಹುಡುಗರು ಅವನನ್ನು ಏನೆಂದು ಕರೆಯುತ್ತಿದ್ದರು? ಋಷ್ಯಶೃಂಗ ಎಂಬುದನ್ನು ಕನ್ನಡಕ್ಕೆ ತಿರುಗಿಸಿದರೆ ‘ಜಿಂಕೆಗೊಂಬಿನವನು’ ಎಂದಷ್ಟೇ ಅರ್ಥ. ಹೀಯಾಳಿಕೆಯಾಗಬಹುದಾಗಿದ್ದ ಆ ಮಾತು ಪೂಜೆಯ ಮಾತಾಯಿತು. ಏಕೆಂದರೆ ಬರಗಾಲದಿಂದ ಬೆಂದ ಅಂಗದೇಶಕ್ಕೆ ಅವನು ಕಾಲಿಟ್ಟಾಗ ಮಳೆ ಬಂದಿತೆಂಬ ಕಥೆಯನ್ನು ಜನ ನೆನಪಿಟ್ಟುಕೊಂಡರು. ಶೃಂಗೇರಿಗೆ ಸಮೀಪದ ಕಿಗ್ಗದಲ್ಲಿರುವ ಋಷ್ಯಶೃಂಗೇಶ್ವರನ ಗುಡಿಗೆ ಇಂದಿಗೂ ಮಳೆ ಬಾರದಿದ್ದಾಗ ಬರಲೆಂದೂ, ಅತಿಯಾದಾಗ ನಿಲ್ಲಲೆಂದೂ ಹರಕೆ ಹೊತ್ತವರು ಬರುತ್ತಾರೆ. ಹೆಸರಿನಲ್ಲಿರುವುದು ಕೊಂಬು, ನೆನಪಿನಲ್ಲಿರುವುದು ಮಳೆ. ಮನುಷ್ಯನ ಕಾರ್ಯವು ಅವನ ಹೆಸರಿನ ಅರ್ಥವನ್ನೇ ಬದಲಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಇನ್ನು ನರಸಿಂಹರಾಜಪುರ. ಈ ಊರಿನ ಹಳೆಯ ಹೆಸರು ಎಡೆಹಳ್ಳಿ. ನಾಲ್ವಡಿ ಕೃಷ್ಣರಾಜ ಒಡೆಯರ ತಮ್ಮಂದಿರಾದ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಗೌರವಾರ್ಥವಾಗಿ ಊರಿಗೆ ಹೊಸ ಹೆಸರನ್ನು ಇಟ್ಟರು. ಹೆಸರು ಉದ್ದವಾಯಿತು, ಗಂಭೀರವೂ ಆಯಿತು. ಆದರೆ ಬಸ್ಸಿಗೆ ಕಾದು ನಿಂತ ರೈತನಿಗೆ ಅಷ್ಟು ಉದ್ದದ ಹೆಸರನ್ನು ಹೇಳಲು ಪುರುಸೊತ್ತೆಲ್ಲಿ? ಇಂದು ಜನರ ಬಾಯಲ್ಲಿ ಅದು ಎನ್.ಆರ್.ಪುರ. ಯುವರಾಜರ ಹೆಸರು ಎರಡು ಇಂಗ್ಲಿಷ್ ಅಕ್ಷರಗಳೊಳಗೆ ಅಡಗಿ ಕುಳಿತಿದೆ. ಆ ಅಕ್ಷರಗಳು ಯಾರನ್ನು ಸೂಚಿಸುತ್ತವೆಂದು ಅಲ್ಲಿನ ಎಷ್ಟು ಮಕ್ಕಳು ಕೇಳಿದ್ದಾರೋ ತಿಳಿಯದು. ಇದರಲ್ಲಿ ಯಾರ ತಪ್ಪೂ ಇಲ್ಲ. ಮೇಲಿನಿಂದ ಇಟ್ಟ ಹೆಸರನ್ನು ಜನ ಒಪ್ಪಿಕೊಳ್ಳುತ್ತಾರೆ. ಆದರೆ ತಮ್ಮ ನಾಲಗೆಗೆ ತಕ್ಕಂತೆ ಅದನ್ನು ಕತ್ತರಿಸಿಕೊಳ್ಳುತ್ತಾರೆ. ಹೆಸರನ್ನು ಇಡುವ ಅಧಿಕಾರ ಅರಮನೆಗಿದ್ದರೂ ಕರೆಯುವ ಅಧಿಕಾರ ಜನರದು.

ಮೂರನೆಯದು ಕೊಪ್ಪ. ಈ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರುಮನೆಯಲ್ಲಿ, 1904ರ ಡಿಸೆಂಬರ್ 29ರಂದು ಒಂದು ಗಂಡು ಮಗು ಹುಟ್ಟಿತು. ಮಗುವಿಗೆ ಪುಟ್ಟಪ್ಪ ಎಂದು ಹೆಸರಿಟ್ಟರು. ಮಲೆನಾಡಿನಲ್ಲಿ ಇದಕ್ಕಿಂತ ಸಾಮಾನ್ಯವಾದ ಹೆಸರು ಇನ್ನೊಂದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಆ ಹುಡುಗ ಕವಿಯಾದ ಮೊದಲ ದಿನಗಳಲ್ಲಿ ‘ಕಿಶೋರಚಂದ್ರವಾಣಿ’ ಎಂಬ ಹೆಸರಿನಲ್ಲಿ ಬರೆದುದುಂಟು. ಮಾತಿಗೆ ಮಿರುಗು ಹೆಚ್ಚು. ಆದರೆ ಅದು ನಿಲ್ಲಲಿಲ್ಲ. ನಿಂತದ್ದು ಕುವೆಂಪು ಎಂಬ ಮೂರಕ್ಷರದ ಹೆಸರು. ಕುಪ್ಪಳಿಯ ‘ಕು’, ತಂದೆ ವೆಂಕಟಪ್ಪನವರ ‘ವೆಂ’, ಪುಟ್ಟಪ್ಪನ ‘ಪು’. ಮೂರು ಅಕ್ಷರಗಳಲ್ಲಿ ಕವಿಗೆ ಸೇರಿದುದು ಒಂದೇ, ಅದೂ ಕೊನೆಯದು. ಮೊದಲನೆಯದು ಊರಿಗೆ, ಎರಡನೆಯದು ತಂದೆಗೆ. ಧಾರವಾಡದ ಬೇಂದ್ರೆಯವರು ‘ಅಂಬಿಕಾತನಯದತ್ತ’ ಎಂದು ಕಾವ್ಯನಾಮವನ್ನಿಟ್ಟುಕೊಂಡು ತಾಯಿಯ ಹೆಸರನ್ನು ತಮ್ಮ ಹೆಸರಿಗಿಂತ ಮುಂದಿಟ್ಟರು. ಹೆಸರಿನಲ್ಲಿಯೇ ಋಣವನ್ನು ಒಪ್ಪಿಕೊಂಡ ಈ ಇಬ್ಬರನ್ನು ನಾಡು ತಾನಾಗಿಯೇ ಹೊಸ ಹೆಸರುಗಳಿಂದ ಕರೆಯಿತು. ಬೇಂದ್ರೆಯವರು ವರಕವಿಗಳಾದರು, ಕುವೆಂಪು ರಸಋಷಿಗಳಾದರು, 1964ರಲ್ಲಿ ರಾಷ್ಟ್ರಕವಿಗಳೂ ಆದರು.

ಸಾರ್ವಜನಿಕ ಜೀವನದಲ್ಲಿ ದುಡಿದವರಿಗೆ ಜನರು ಇಟ್ಟ ಹೆಸರುಗಳನ್ನು ಇದೇ ಒರೆಗಲ್ಲಿಗೆ ಉಜ್ಜಿ ನೋಡಬಹುದು. 1928ರ ಬಾರ್ಡೋಲಿ ಸತ್ಯಾಗ್ರಹದಲ್ಲಿ ರೈತರ ಮುಂದೆ ನಿಂತ ವಲ್ಲಭಭಾಯಿ ಪಟೇಲರು ‘ಸರ್ದಾರ್’ ಆದರು. ಏಕೆ ಎಂದು ಕೇಳಿದರೆ ಬಾರ್ಡೋಲಿಯ ಹೊಲಗಳೇ ಉತ್ತರ ಹೇಳುತ್ತವೆ. ಕನ್ನಡಿಗರು ತಮ್ಮತನವನ್ನೇ ಮರೆತಿದ್ದ ಕಾಲದಲ್ಲಿ ‘ಕರ್ಣಾಟಕ ಗತವೈಭವ’ವನ್ನು ಬರೆದು ಎಚ್ಚರಿಸಿದ ಆಲೂರು ವೆಂಕಟರಾಯರು ‘ಕರ್ನಾಟಕ ಕುಲಪುರೋಹಿತ’ರಾದರು. ಸರಳ ಜೀವನವನ್ನೇ ವ್ರತವಾಗಿ ಹಿಡಿದ ಹರ್ಡೇಕರ್ ಮಂಜಪ್ಪನವರು ‘ಕರ್ನಾಟಕದ ಗಾಂಧಿ’ಯಾದರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಊರಿನ ಹೆಸರಿಗೆ ಪ್ರಾಸ ಸೇರಿಸಿ ‘ಮಾಸ್ತಿ ಕನ್ನಡದ ಆಸ್ತಿ’ ಎಂದರು. ಪ್ರಾಸ ಕಿವಿಗೆ ಇಂಪಾಗಿದ್ದುದರಿಂದ ಮಾತ್ರವೇ ಆ ಮಾತು ಉಳಿಯಲಿಲ್ಲ. ಅವರ ಕಥೆಗಳು ಅದನ್ನು ಉಳಿಸಿದುವು. ಕೋಟದ ಶಿವರಾಮ ಕಾರಂತರನ್ನು ‘ಕಡಲ ತೀರದ ಭಾರ್ಗವ’ ಎಂದರು. ಭಾರ್ಗವನೆಂದರೆ ಪರಶುರಾಮ, ಯಾರ ಮುಂದೆಯೂ ತಲೆ ಬಾಗದವನು. ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಕಾರಂತರು ಸರಕಾರ ಕೊಟ್ಟಿದ್ದ ಪದ್ಮಭೂಷಣವನ್ನು ಹಿಂದಿರುಗಿಸಿದರು. ಸರಕಾರ ಕೊಟ್ಟ ಪ್ರಶಸ್ತಿಯನ್ನು ಹಿಂದಿರುಗಿಸಬಹುದು. ಜನ ಕೊಟ್ಟ ಹೆಸರನ್ನು ಹಿಂದಿರುಗಿಸಲು ಬಾರದು. ಪ್ರಶಸ್ತಿಯನ್ನು ಬಿಟ್ಟುಕೊಟ್ಟ ಆ ನಡತೆಯಿಂದ ಜನರಿಟ್ಟ ಹೆಸರು ಮತ್ತಷ್ಟು ಗಟ್ಟಿಯಾಯಿತು.

ದೊಡ್ಡ ಹೆಸರು ಹೊತ್ತವನಿಗೆ ಅದು ಯಾವಾಗಲೂ ಸುಖವೇ ಆಗಿರುತ್ತದೆಂದು ತಿಳಿಯಬೇಡಿ. ಗಾಂಧೀಜಿಯವರು ತಮ್ಮ ಆತ್ಮಕಥೆಯ ಮುನ್ನುಡಿಯಲ್ಲಿ ‘ಮಹಾತ್ಮ’ ಎಂಬ ಬಿರುದಿನಿಂದ ತಮಗೆ ಹಲವು ಸಲ ಆಳವಾದ ನೋವಾಗಿದೆಯೆಂದು ಒಪ್ಪಿಕೊಂಡಿದ್ದಾರೆ. ಮಹಾತ್ಮನೆಂದು ಕರೆದ ಮೇಲೆ ಅವನು ಎಡವುವಂತಿಲ್ಲ, ಸಾಮಾನ್ಯರಂತೆ ಬೇಸರಗೊಳ್ಳುವಂತಿಲ್ಲ. ಜೊತೆಗೆ, ಅವನು ಮಹಾತ್ಮ, ನಾವು ಅಲ್ಪರು, ಅವನ ದಾರಿ ನಮಗೆ ಸಲ್ಲದು ಎಂದು ಜನ ಕೈಮುಗಿದು ದೂರ ಸರಿಯಲೂಬಹುದು. ಹೀಗೆ ಹೊಗಳಿಕೆಯ ಹೆಸರೂ ಮನುಷ್ಯನನ್ನು ಒಂದು ಬಗೆಯ ಸೆರೆಯಲ್ಲಿಡಬಲ್ಲುದು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯ (1965) ಪ್ರಾಣೇಶಾಚಾರ್ಯರು ‘ವೇದಾಂತಶಿರೋಮಣಿ’ಗಳು. ಮಲೆನಾಡಿನ ಒಂದು ಅಗ್ರಹಾರವು ಕಠಿಣವಾದ ಪ್ರಶ್ನೆಯೊಂದನ್ನು ಅವರ ಮುಂದಿಟ್ಟಾಗ, ಉತ್ತರ ಕಾಣದೆ ತೊಳಲುವುದು ಒಬ್ಬ ಮನುಷ್ಯ. ಉತ್ತರ ಹೇಳಲೇಬೇಕೆಂದು ಒತ್ತಾಯಿಸುವುದು ಆ ಬಿರುದು. ಬಿರುದಿಗೂ ಮನುಷ್ಯನಿಗೂ ನಡುವೆ ಇರುವ ಈ ಬಿರುಕಿನಲ್ಲಿಯೇ ಕಾದಂಬರಿ ಬೆಳೆಯುತ್ತದೆ.

ಹೆಸರನ್ನು ಸಾಹಿತ್ಯವು ಹೇಗೆ ಬಳಸಿಕೊಳ್ಳುತ್ತದೆಂಬ ವಿಚಾರಕ್ಕೆ ಬಂದೆವು. ನಮ್ಮ ಹಳೆಯ ಕವಿಗಳು ಬಿರುದನ್ನು ಕಾವ್ಯದ ಬೆನ್ನೆಲುಬನ್ನಾಗಿಯೇ ಮಾಡಿಕೊಂಡರು. 941ರಲ್ಲಿ ಪಂಪನು ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಮಾಡಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನು. ರನ್ನನು ಚಾಳುಕ್ಯ ಸತ್ಯಾಶ್ರಯನ ‘ಸಾಹಸಭೀಮ’ ಎಂಬ ಬಿರುದನ್ನು ಹಿಡಿದು, ಅವನನ್ನು ಭೀಮನಲ್ಲಿ ಕಂಡು, ‘ಸಾಹಸಭೀಮ ವಿಜಯ’ವೆಂಬ ಇನ್ನೊಂದು ಹೆಸರುಳ್ಳ ‘ಗದಾಯುದ್ಧ’ವನ್ನು ಬರೆದನು. ಇದು ಬರಿಯ ಮುಖಸ್ತುತಿಯೆ? ಅಷ್ಟೇ ಆಗಿದ್ದರೆ ಸಾವಿರ ವರ್ಷಗಳ ಮೇಲೆ ನಾವು ಅವನ್ನು ಓದುತ್ತಿರಲಿಲ್ಲ. ನೀನು ಅರ್ಜುನನಾದರೆ ಅರ್ಜುನನಂತೆ ನಡೆ, ಭೀಮನಾದರೆ ಭೀಮನಂತೆ ಆಡಿದ ಮಾತನ್ನು ಉಳಿಸಿಕೋ ಎಂದು ಅರಸನಿಗೆ ಹೇಳದೆಯೇ ಹೇಳುವ ಉಪಾಯವದು. ಒಳ್ಳೆಯ ಕವಿಯ ಕೈಯಲ್ಲಿ ಬಿರುದು ಹೊಗಳಿಕೆಯ ಹೂವಾಗುವುದರ ಜೊತೆಗೆ ಹೊಣೆಯ ಹೊರೆಯೂ ಆಗುತ್ತದೆ.

ಕವಿಯ ಕೈ ತಪ್ಪಿದ ಬಿರುದು ಮಾತ್ರ ಅಗ್ಗವಾಗುತ್ತದೆ. ನಮ್ಮ ಶಾಸನಗಳಲ್ಲಿ ಅರಸರ ಬಿರುದುಗಳು ಸಾಲುಸಾಲಾಗಿ ಬರುತ್ತವೆ. ಓದುತ್ತ ಹೋದರೆ ಅರಸನ ನಿಜವಾದ ಹೆಸರು ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ. ಮೈಸೂರು ಅರಸರ ಬಿರುದುಗಳಲ್ಲಿ ‘ಬಿರುದೆಂತೆಂಬರ ಗಂಡ’ ಎಂಬುದೂ ಒಂದು. ಬಿರುದುಳ್ಳವರೆಂದು ಮೆರೆಯುವವರಿಗೆಲ್ಲ ಮಿಗಿಲಾದವನೆಂದು ಅದರ ಅಭಿಪ್ರಾಯ. ಬಿರುದುಗಳು ಎಷ್ಟು ಹೆಚ್ಚಿದ್ದುವೆಂದರೆ ಬಿರುದುಳ್ಳವರನ್ನು ಮೀರಿಸುವುದಕ್ಕೂ ಒಂದು ಬಿರುದು ಬೇಕಾಯಿತು! ಆ ಕಾಲ ಹೋಯಿತೆಂದು ನಗುವ ಮುನ್ನ ನಮ್ಮ ಪೇಟೆಗಳ ತಿರುವುಗಳಲ್ಲಿ ಕಟ್ಟಿರುವ ಬಣ್ಣದ ಫಲಕಗಳನ್ನು ನೋಡಿ. ‘ಬಡವರ ಬಂಧು’, ‘ಅಭಿವೃದ್ಧಿಯ ಹರಿಕಾರ’ ಎಂಬ ಮಾತುಗಳು ಇಂದು ಒಬ್ಬರ ಚಿತ್ರದ ಕೆಳಗೆ, ನಾಳೆ ಇನ್ನೊಬ್ಬರ ಚಿತ್ರದ ಕೆಳಗೆ ಕುಳಿತಿರುತ್ತವೆ. ಉತ್ತರಕುಮಾರನ ಪ್ರಶ್ನೆಯನ್ನು ಅವುಗಳ ಮುಂದೆ ನಿಂತು ಕೇಳುವವರಾರು? ಮಳೆಗಾಲ ಬಂದರೆ ಫಲಕ ಹರಿಯುತ್ತದೆ, ಅದರೊಡನೆ ಬಿರುದೂ ನೆನೆದು ಬೀಳುತ್ತದೆ.

ಇಲ್ಲಿಯವರೆಗೆ ನೋಡಿದುದು ದೊಡ್ಡವರ ಹೆಸರುಗಳನ್ನು. ನನ್ನ ಮಟ್ಟಿಗೆ ಸಾಹಿತ್ಯವು ಹೆಸರಿನ ವಿಷಯದಲ್ಲಿ ಮಾಡಿರುವ ಅತ್ಯಂತ ದೊಡ್ಡ ಕೆಲಸ ಬೇರೆಯೇ ಇದೆ. ಅದನ್ನು ಮಾಡಿದವರಲ್ಲಿ ಮುಖ್ಯರಾದವರು ಹಿರೇಕೊಡಿಗೆಯಲ್ಲಿ ಹುಟ್ಟಿದ ಆ ಕವಿಯೇ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಲ್ಲಿ (1936) ಬಾಡುಗಳ್ಳ ಸೋಮನೆಂಬ ಆಳು ಬರುತ್ತಾನೆ. ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ನಾಯಿಗುತ್ತಿ ಬರುತ್ತಾನೆ. ಒಬ್ಬನ ಹೆಸರಿಗೆ ಮಾಂಸದ ಕಳವು ಅಂಟಿಕೊಂಡಿದೆ. ಇನ್ನೊಬ್ಬನ ಹೆಸರಿಗೆ ಅವನ ಬೆನ್ನು ಬಿಡದ ನಾಯಿ ಅಂಟಿಕೊಂಡಿದೆ. ಮಲೆನಾಡಿನ ಒಡೆಯರ ಮನೆಗಳಲ್ಲಿ ದುಡಿಯುತ್ತಿದ್ದ ಬಡವರಿಗೆ ಇಂತಹ ಹೆಸರುಗಳು ಸುಲಭವಾಗಿ ಅಂಟುತ್ತಿದ್ದುವು. ಊರಿನವರು ಆ ಹೆಸರು ಕೂಗಿ ಕೆಲಸ ಹೇಳಿ ಮುಂದೆ ಹೋಗುತ್ತಿದ್ದರು. ಕಾದಂಬರಿಕಾರರು ಮುಂದೆ ಹೋಗಲಿಲ್ಲ, ನಿಂತರು. ಬಾಡುಗಳ್ಳನೆಂಬ ಹೆಸರಿನ ಹಿಂದೆ ಒಂದು ಹೊಟ್ಟೆಯಿದೆ, ಅದಕ್ಕೊಂದು ಆಸೆಯಿದೆ ಎಂಬುದನ್ನು ನಗಿಸುತ್ತಲೇ ತೋರಿಸಿದರು. ನಾಯಿಗುತ್ತಿಯ ಹಿಂದೆ ಹೋದ ಹುಲಿಯ ಎಂಬ ನಾಯಿ ಅವನ ಹೆಸರಿಗೆ ಅಂಟಿದ ಕಳಂಕವಾಗಿ ಉಳಿಯದೆ, ಅವನ ಪ್ರೀತಿಗೂ ನಿಷ್ಠೆಗೂ ಸಾಕ್ಷಿಯಾಯಿತು. ಪುಸ್ತಕವನ್ನು ಕೆಳಗಿಡುವಾಗ ಆ ಹೆಸರು ನಮಗೆ ಬೈಗುಳವಾಗಿ ಕೇಳಿಸುವುದಿಲ್ಲ. ಗುರುತಿನ ಒಬ್ಬ ಮನುಷ್ಯನ ಹೆಸರಾಗಿ ಕೇಳಿಸುತ್ತದೆ.

ಇದೇ ಕವಿಯು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದಲ್ಲಿ ಮಂಥರೆಯನ್ನು ಕಂಡ ಬಗೆಯೂ ಇಂತಹುದೇ. ನಮ್ಮ ಮನೆಮಾತಿನಲ್ಲಿ ಚಾಡಿ ಹೇಳಿ ಮನೆ ಒಡೆಯುವವಳು ಮಂಥರೆ, ನಿದ್ರೆಬಡುಕ ಕುಂಭಕರ್ಣ, ಒಳಸಂಚಿನವನು ಶಕುನಿ, ಬಾಯಲ್ಲಿ ಮಾತ್ರ ಶೂರನಾದವನು ಉತ್ತರಕುಮಾರ. ಪುರಾಣದ ಹೆಸರುಗಳೇ ಅಡ್ಡಹೆಸರುಗಳಾಗಿ ನಮ್ಮ ಅಂಗಳಕ್ಕೆ ಇಳಿದಿವೆ. ಗೂನಿಯೆಂದು ಎಲ್ಲರೂ ದೂರವಿಟ್ಟ ಮಂಥರೆಯ ಎದೆಯೊಳಗೆ ಕುವೆಂಪು ಇಣುಕಿ ನೋಡಿದರು. ಅಲ್ಲಿ ಅವರಿಗೆ ಕಂಡದ್ದು ಕೈಕೆಯ ಮೇಲೆ, ಭರತನ ಮೇಲೆ ಅವಳು ಸುರಿದ ಮಮತೆ. ದಾರಿ ತಪ್ಪಿದ ಮಮತೆಯಾದರೂ ಮಮತೆಯೇ. ಅವಳು ಮಾಡಿದ್ದು ಸರಿಯೆಂದು ಕವಿ ಹೇಳಲಿಲ್ಲ. ಅವಳೂ ಒಬ್ಬ ಮನುಷ್ಯಳೆಂದು ಹೇಳಿದರು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದಲ್ಲಿ ಕೊಡಗಿನ ಮಂತ್ರಿಯಾದ ಕುಂಟ ಬಸವನ ಹುಟ್ಟಿನ ಗುಟ್ಟು ಬಿಚ್ಚಿಕೊಂಡಾಗ, ‘ಕುಂಟ’ ಎಂಬ ಎರಡಕ್ಷರಗಳ ಹಿಂದೆ ಎಷ್ಟು ದುಃಖವಿತ್ತೆಂದು ಓದುಗನು ಬೆಚ್ಚುತ್ತಾನೆ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ ನಾಟಕವು ಪರೀಕ್ಷೆಯಲ್ಲಿ ಗೆದ್ದವನು ಗಟ್ಟಿ, ಸೋತವನು ಟೊಳ್ಳು ಎಂಬ ಲೋಕದ ತೀರ್ಪನ್ನು ತಲೆಕೆಳಗು ಮಾಡಿತು. ಅಡ್ಡಹೆಸರು ಮನುಷ್ಯನನ್ನು ಒಂದು ಮಾತಿನೊಳಗೆ ಮುಚ್ಚಿಡುತ್ತದೆ. ಸಾಹಿತ್ಯವು ಆ ಮುಚ್ಚಳವನ್ನು ತೆರೆಯುತ್ತದೆ. ಹುಟ್ಟುವಾಗ ಪ್ರತಿಯೊಂದು ಮಗುವೂ ವಿಶ್ವಮಾನವನೇ, ನಾವು ಅಂಟಿಸುವ ಪಟ್ಟಿಗಳಿಂದ ಅಲ್ಪನಾಗುತ್ತಾನೆಂದು ಕುವೆಂಪು ನಂಬಿದ್ದುದನ್ನು ಇಲ್ಲಿ ನೆನೆಯಬೇಕು.

ಹಾಗಾದರೆ ನಗೆಗೆ ಸ್ಥಳವೇ ಇಲ್ಲವೆ, ಅಧಿಕಾರದಲ್ಲಿರುವವರನ್ನು ಕುಟುಕುವ ಹೆಸರು ಇಡಲೇಬಾರದೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪ್ರಜೆಯ ಕೈಯಲ್ಲಿ ಬೇರೆ ಆಯುಧವಿಲ್ಲದಿರುವಾಗ ನಗೆಯೇ ಒಂದು ಆಯುಧ. ಕೊಟ್ಟ ಮಾತು ಮುರಿದವನನ್ನು, ಜನರ ಹಣವನ್ನು ನುಂಗಿದವನನ್ನು ಚುಚ್ಚುವ ಹೆಸರಿನಿಂದ ಕರೆಯುವ ಹಕ್ಕು ಪ್ರಜೆಗಿದೆ. ಆದರೆ ಆ ಹೆಸರು ಅವನು ಮಾಡಿದುದನ್ನು ಕುರಿತದ್ದಾಗಿರಬೇಕು. ಅವನು ಹುಟ್ಟಿದ ಜಾತಿಯನ್ನು, ಅವನ ಮೈಬಣ್ಣವನ್ನು, ಕುಂಟು ಕಾಲನ್ನು, ತೊದಲು ಮಾತನ್ನು ಕುರಿತದ್ದಾಗಬಾರದು. ನಡತೆಯನ್ನು ಮನುಷ್ಯನು ಬದಲಾಯಿಸಿಕೊಳ್ಳಬಲ್ಲ, ಹುಟ್ಟನ್ನು ಬದಲಾಯಿಸಿಕೊಳ್ಳಲಾರ. ಇನ್ನೊಂದು ಮಾತು: ಕೆಳಗಿರುವವನು ಮೇಲಿರುವವನಿಗೆ ಇಟ್ಟ ಹೆಸರು ಧೈರ್ಯ, ಮೇಲಿರುವವನು ಕೆಳಗಿರುವವನಿಗೆ ಇಟ್ಟ ಹೆಸರು ದರ್ಪ. ಹಲವರು ಸೇರಿ ಒಬ್ಬನಿಗೆ ಇಟ್ಟರೆ ಅದು ಬರಿಯ ಹೇಡಿತನ. ಹಿಂದೆ ಒಂದು ಹೀನವಾದ ಹೆಸರು ಒಂದು ಊರಿನ ಗಡಿ ದಾಟಲು ಹಲವು ದಿನ ಬೇಕಾಗುತ್ತಿತ್ತು. ಇಂದು ಎಲ್ಲರ ಕೈಯಲ್ಲಿಯೂ ಮೊಬೈಲಿದೆ. ಸಂಜೆ ಹುಟ್ಟಿದ ಹೆಸರು ರಾತ್ರಿಯೊಳಗೆ ನಾಡನ್ನೆಲ್ಲ ಸುತ್ತಿ ಬರುತ್ತದೆ. ಆದುದರಿಂದ ಹೆಸರಿಟ್ಟವರ ಹೊಣೆಯೂ ಅಷ್ಟೇ ಹೆಚ್ಚಿದೆ.

ಕೊನೆಯಲ್ಲಿ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕು. ನಾನು ನಿಮ್ಮ ವಯಸ್ಸಿನವನಾಗಿದ್ದಾಗ ನಮ್ಮ ತರಗತಿಗೆ ಒಬ್ಬ ಹುಡುಗ ದೂರದ ಹಳ್ಳಿಯಿಂದ ಕಾಡುದಾರಿಯಲ್ಲಿ ನಡೆದು ಬರುತ್ತಿದ್ದ. ಮಳೆಗಾಲದಲ್ಲಿ ದಿನವೂ ತಡ. ಬಾಗಿಲ ಬಳಿ ನಿಂತಾಗ ಅವನ ಕಾಲಿನಿಂದ ರಕ್ತ ಒಸರುತ್ತಿರುತ್ತಿತ್ತು. ಇಂಬಳಗಳು ಕಚ್ಚಿ ಬಿಟ್ಟ ಗಾಯ. ಒಂದು ದಿನ ಯಾರೋ ಅವನನ್ನು ‘ಇಂಬಳ’ ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂದಿನಿಂದ ಅದೇ ಅವನ ಹೆಸರಾಯಿತು. ಹಾಜರಿ ಕರೆಯುವಾಗ ಮೇಷ್ಟರು ಅವನ ನಿಜವಾದ ಹೆಸರನ್ನು ಹೇಳಿದರೆ ಹಿಂದಿನ ಬೆಂಚಿನಿಂದ ಈ ಹೆಸರು ಪಿಸುಮಾತಾಗಿ ಬರುತ್ತಿತ್ತು. ಅವನು ಸಿಟ್ಟುಗೊಂಡದ್ದನ್ನು ನಾನು ಕಾಣಲಿಲ್ಲ. ಬರಬರುತ್ತ ಅವನ ಉತ್ತರದ ದನಿ ಮಾತ್ರ ಸಣ್ಣದಾಯಿತು. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ಆ ಹೆಸರಿನಿಂದಲೇ ಬಿಟ್ಟನೆಂದು ನಾನು ಹೇಳಲಾರೆ. ಮನೆಯ ಬಡತನವೂ ಇದ್ದೀತು. ಬೆಳಗಿನ ಹೊತ್ತು ದನಕರುಗಳ ಕೆಲಸವನ್ನೆಲ್ಲ ಮುಗಿಸಿ ಹೊರಡುತ್ತಿದ್ದುದರಿಂದ ಅವನಿಗೆ ತಡವಾಗುತ್ತಿತ್ತೆಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. “ಈ ಹೆಸರು ಏಕೆ?” ಎಂದು ಅಂದು ಯಾರಾದರೂ ನಮ್ಮನ್ನು ಕೇಳಿದ್ದರೆ, ಅಷ್ಟು ದೂರ ನಡೆದು ಓದಲು ಬರುತ್ತಿದ್ದ ಎಂಬ ಕಾರಣಕ್ಕಾಗಿ ಎಂದೇ ನಾವು ಹೇಳಬೇಕಾಗಿತ್ತು. ಗೌರವಿಸಬೇಕಾದ ಗುಣವನ್ನೇ ನಾವು ಹೀಯಾಳಿಕೆಯ ಹೆಸರನ್ನಾಗಿ ಮಾಡಿದ್ದೆವು.

ಇಂದು ಅವನ ಮುಖ ನನಗೆ ಸ್ಪಷ್ಟವಾಗಿ ನೆನಪಿದೆ. ಬಾಗಿಲ ಬಳಿಯ ಆ ನಿಲುವು, ನೆನೆದ ಅಂಗಿ, ಕಾಲಿನ ಕೆಂಪು ಗೆರೆ ಎಲ್ಲವೂ ನೆನಪಿವೆ. ನಾವು ಅವನಿಗೆ ಇಟ್ಟ ಹೆಸರೂ ನೆನಪಿದೆ. ತಾಯಿತಂದೆಯರು ಹರಸಿ ಇಟ್ಟ ಹೆಸರು ಮಾತ್ರ, ಎಷ್ಟು ಯೋಚಿಸಿದರೂ, ನೆನಪಾಗುವುದಿಲ್ಲ.